ಎದುರಿನ ಬೆಂಚು

ನೀವು ಎಂದಾದರೂ ಚೆನ್ನೈಯ ಯಾವುದೋ ಹಳೆಯ ಸಸ್ಯಾಹಾರಿ ಹೋಟೆಲಿನಲ್ಲಿ ಕೂತು, ಎರಡು ಇಡ್ಲಿ ತಿಂದು, ಕಾಫಿ ಮುಗಿಸಿ, ಇನ್ನೊಂದು ಸ್ವಲ್ಪ ಹೊತ್ತು ಹರಟೋಣ ಎಂದುಕೊಳ್ಳುವಷ್ಟರಲ್ಲಿ ಯಾಕೋ ಸೊಂಟ ಹಿಡಿದಂತಾಗಿ ಎದ್ದು ಹೋಗಿದ್ದರೆ, ದಯವಿಟ್ಟು ನಿಮ್ಮ ಸೊಂಟವನ್ನು ಬೈಯಬೇಡಿ. ಅದರಲ್ಲಿ ನಮ್ಮಂಥವರ ಕೈವಾಡವಿದೆ. ಆ ಬೆಂಚನ್ನು ಹಾಗೆಯೇ ಮಾಡಿಸಿರುತ್ತೇವೆ. ಎಷ್ಟು ಅಗಲ ಇದ್ದರೆ ತಿನ್ನುವುದಕ್ಕೆ ತೊಂದರೆಯಿಲ್ಲ, ಎಷ್ಟು ಅಗಲ ಇದ್ದರೆ ಹರಟುವುದಕ್ಕೆ ಆಗುವುದಿಲ್ಲ ಎಂಬ ಲೆಕ್ಕ ನಮ್ಮ ಮನೆಯಲ್ಲಿ ಎರಡು ತಲೆಮಾರಿನಿಂದ ಬಂದದ್ದು. ಈಗ ಹೋಟೆಲು ಮುಚ್ಚಿ ಎಂಟು ತಿಂಗಳಾಯಿತು, ಆದ್ದರಿಂದ ಗುಟ್ಟು ಬಿಟ್ಟುಕೊಡಲು ಅಡ್ಡಿಯಿಲ್ಲ.

ಗುಟ್ಟು ನೆನಪಾಗಿದ್ದು ನನ್ನ ಹೆಂಡತಿ ವನಜಳಿಂದ. ಪೆರಂಬೂರಿನಲ್ಲಿ ಹೋಟೆಲಿನ ಮೇಲಿನ ಮಹಡಿಯಲ್ಲೇ ಮೂವತ್ತೆಂಟು ವರ್ಷ ಸಂಸಾರ ಮಾಡಿದವರು ನಾವು. ಕಟ್ಟಡವನ್ನು ಕೆಡವುತ್ತಾರೆ ಎಂದಾದ ಮೇಲೆ, ಮಗಳು ಸ್ಮಿತಾ ಹುಡುಕಿಕೊಟ್ಟ ಬೆಸೆಂಟ್ ನಗರದ ಈ ನೆಲಮಹಡಿಯ ಮನೆಗೆ ಬಂದೆವು. ಮನೆಯ ಹಿಂದೆ ಒಂದು ತುಂಡು ಮಣ್ಣು ಇದೆ. ಉದ್ದಕ್ಕೆ ಹದಿನೆಂಟು ಹೆಜ್ಜೆ, ಅಗಲಕ್ಕೆ ಏಳು. ಅದನ್ನು ನಾನು ಹಿತ್ತಿಲು ಎನ್ನುತ್ತೇನೆ, ವನಜ ತೋಟ ಎನ್ನುತ್ತಾಳೆ. ಒಂದು ಬಾದಾಮಿ ಮರ, ಹಿಂದಿನ ಬಾಡಿಗೆಯವರು ಬಿಟ್ಟುಹೋದ ಎರಡು ನಂದಿಬಟ್ಟಲ ಗಿಡ, ಅವಳೇ ತಂದು ನೆಟ್ಟ ಒಂದು ಮಲ್ಲಿಗೆ. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಕಡಲ ಕಡೆಯಿಂದ ಗಾಳಿ ತಿರುಗುತ್ತದೆ. ಬಾದಾಮಿಯ ಅಗಲದ ಎಲೆಗಳು ಒಂದೊಂದಾಗಿ, ಯಾವ ಅವಸರವೂ ಇಲ್ಲದೆ, ನೆಲಕ್ಕೆ ಬರುತ್ತವೆ. ಅಷ್ಟು ನಿಧಾನವಾಗಿ ಏನಾದರೂ ನಡೆಯುವುದನ್ನು ನಾನು ಪೆರಂಬೂರಿನಲ್ಲಿ ನೋಡಿರಲಿಲ್ಲ.

ಹಾಗೆ ಎಲೆ ಬೀಳುತ್ತಿದ್ದ ಒಂದು ಸಂಜೆ ವನಜ ಹಿತ್ತಿಲ ಬಾಗಿಲಲ್ಲಿ ನಿಂತು ಹೇಳಿದಳು: "ಇಲ್ಲೊಂದು ಮೇಜು, ಆಚೆ ಈಚೆ ಎರಡು ಬೆಂಚು ಇದ್ರೆ ಒಳ್ಳೇದಿತ್ತು. ಸಂಜೆ ಇಬ್ರೂ ಎದುರುಬದುರು ಕೂತ್ಕೊಳ್ಬಹುದು. ನಂಗೆ ಬೇರೆಂತ ಆಸೆ ಉಳಿದಿಲ್ಲ, ಇದೊಂದೇ."

ನನ್ನ ಕಿವಿಗೆ ಬೆಂಚು ಎನ್ನುವ ಶಬ್ದ ಬಿತ್ತು. ಎದುರುಬದುರು ಎನ್ನುವುದು ಬೀಳಲಿಲ್ಲ. ಜೀವಮಾನವಿಡೀ ಬೆಂಚು ಮಾಡಿಸಿದವನ ಹತ್ತಿರ ಬೆಂಚು ಕೇಳುತ್ತಿದ್ದಾಳಲ್ಲ ಎಂದು ಎದೆಯುಬ್ಬಿತು. "ಅಷ್ಟೇ ತಾನೇ? ಬಿಡು ನನಗೆ" ಎಂದೆ.

ಮಗಳಿಗೆ ಸುದ್ದಿ ಮುಟ್ಟಿತು. ಸ್ಮಿತಾ ಅಣ್ಣಾ ನಗರದಲ್ಲಿದ್ದಾಳೆ. ನಾವು ಕನ್ನಡದಲ್ಲಿ ಏನು ಕೇಳಿದರೂ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. "ಆನ್‌ಲೈನ್‌ಲ ಪಾರುಂಗಪ್ಪಾ, ಎದುಕ್ಕು ಅಲೈಯಣುಂ?" ಎಂದಳು. ಆನ್‌ಲೈನಿನಲ್ಲೇ ನೋಡಬಹುದಲ್ಲ, ಸುಮ್ಮನೆ ಯಾಕೆ ಅಲೆಯಬೇಕು ಎಂದು ಅವಳ ಪ್ರಶ್ನೆ. ಫೋನಿಗೆ ಹನ್ನೆರಡು ಚಿತ್ರ ಕಳಿಸಿದಳು. ಪ್ರತಿ ಚಿತ್ರದಲ್ಲೂ ಯಾವುದೋ ತಂಪು ದೇಶದ ಹುಲ್ಲುಹಾಸು, ಮೇಜಿನ ಮೇಲೊಂದು ಹಣ್ಣಿನ ಬುಟ್ಟಿ, ಕೂತವರು ಯಾರೂ ಇಲ್ಲ. ಕೂರದೆ ಬೆಂಚು ಕೊಳ್ಳುವುದೆಂದರೆ ಹೇಗೆ, ನೀವೇ ಹೇಳಿ. ನಾನು ವನಜಳನ್ನು ಕರೆದುಕೊಂಡು ಈಸ್ಟ್ ಕೋಸ್ಟ್ ರಸ್ತೆಯ ಅಂಗಡಿಗಳಿಗೆ ಹೊರಟೆ.

ಅಲ್ಲಿ ರಸ್ತೆಯುದ್ದಕ್ಕೂ ತೋಟದ ಸಾಮಾನುಗಳನ್ನು ಬಯಲಲ್ಲೇ ಹರಡಿಟ್ಟಿರುತ್ತಾರೆ. ಬೆತ್ತದಂತೆ ಕಾಣುವ ಪ್ಲಾಸ್ಟಿಕ್ ಕುರ್ಚಿ, ಬಳ್ಳಿ ಹೂವು ಕೆತ್ತಿದ ಎರಕದ ಬೆಂಚು, ಮರದ ಕಾಂಡದಂತೆ ಬಣ್ಣ ಬಳಿದ ಸಿಮೆಂಟಿನ ದಿಮ್ಮಿ. ಅಂಗಡಿಯ ಹೆಂಗಸು ಬಹಳ ಸಮಾಧಾನದವಳು, ಒಂದೊಂದರ ಹತ್ತಿರವೂ "ಉಕ್ಕಾಂದು ಪಾರುಂಗ ಸಾರ್", ಕೂತು ನೋಡಿ ಸಾರ್, ಎನ್ನುವಳು. ನಾನು ಕೂರುವೆ, ಎದ್ದುಬಿಡುವೆ. ನನಗೆ ಕೂರುವುದೆಂದರೆ ಅಷ್ಟೇ, ಬಾಣಲೆಯ ಎಣ್ಣೆ ಕಾಯಿತೇ ಎಂದು ಒಂದು ಹನಿ ಹಿಟ್ಟು ಬಿಟ್ಟು ನೋಡುವಷ್ಟು ಹೊತ್ತು. ವನಜ ಹಾಗಲ್ಲ. ತೇಗದ ಬಣ್ಣದ ಒಂದು ಅಗಲವಾದ ಬೆಂಚಿನಲ್ಲಿ ಕೂತಳು. ಬೆನ್ನು ಒರಗಿಸಿದಳು. ಚೀಲವನ್ನು ಪಕ್ಕಕ್ಕಿಟ್ಟಳು. ಕಣ್ಣು ಮುಚ್ಚಿದಳು. ರಸ್ತೆಯಲ್ಲಿ ಬಸ್ಸುಗಳು ಮಹಾಬಲಿಪುರದ ಕಡೆಗೆ ಬೊಬ್ಬಿಡುತ್ತ ಹೋಗುತ್ತಿದ್ದವು, ಅವಳು ಎಲ್ಲಿಗೋ ಹೋಗಿಬಿಟ್ಟಿದ್ದಳು.

"ಇದು ಬೇಡ" ಎಂದೆ ನಾನು.

"ಎಂತಕ್ಕೆ?"

"ಇದರಲ್ಲಿ ಕೂತವರು ಏಳೋದಿಲ್ಲ."

ವನಜ ಕಣ್ಣು ಬಿಟ್ಟು ನನ್ನನ್ನು ನೋಡಿದಳು. "ಏಳದಿದ್ರೆ ಎಂತ ಆಗ್ತದೆ ಮಾರಾಯ್ರೆ? ಹಿಂದೆ ಯಾರಾದ್ರೂ ಕಾಯ್ತಾ ನಿಂತಿದ್ದಾರಾ?"

ಅಂಗಡಿಯವಳಿಗೆ ಕನ್ನಡ ಬಾರದು, ಆದರೂ ನಕ್ಕಳು. ನಾನು ಕಡಲ ಗಾಳಿಗೆ ಇಂಥದ್ದೆಲ್ಲ ತಡೆಯುವುದಿಲ್ಲ, ಬಣ್ಣ ಏಳುತ್ತದೆ, ಮೊಳೆ ತುಕ್ಕು ಹಿಡಿಯುತ್ತದೆ ಎಂದು ಏನೇನೋ ಸಬೂಬು ಹೇಳಿದೆ. ಮೂರು ಅಂಗಡಿ ಸುತ್ತಿದೆವು. ಅವಳಿಗೆ ಹಿಡಿಸಿದ್ದೆಲ್ಲ ನನಗೆ ಹಿಡಿಸಲಿಲ್ಲ. ಕೊನೆಗೆ ಅವಳು ಎಳನೀರು ಕುಡಿಯುತ್ತ, "ನೀವೇ ತನ್ನಿ. ನಿಮಗೆ ಗೊತ್ತುಂಟಲ್ಲ" ಎಂದಳು. ಅದನ್ನು ನಾನು ಮೆಚ್ಚುಗೆ ಎಂದುಕೊಂಡೆ.

ಗೊತ್ತುಂಟು ಎನ್ನುವುದು ಸುಳ್ಳಲ್ಲ. ಆ ವಿದ್ಯೆ ಅಪ್ಪಯ್ಯನದು. ಕೋಟದ ಕಡೆಯಿಂದ ಪೆರಂಬೂರಿಗೆ ಬಂದು, ರೈಲ್ವೆ ವರ್ಕ್‌ಶಾಪಿನ ಬೀದಿಯಲ್ಲಿ ಹೋಟೆಲು ಹಾಕಿದವರು ಅವರು. ಮಧ್ಯಾಹ್ನ ವರ್ಕ್‌ಶಾಪಿನ ಸಂಗು ಊದಿತೆಂದರೆ, ಇಲ್ಲಿಯವರು ಸೈರನ್ನಿಗೆ ಹಾಗೆನ್ನುತ್ತಾರೆ, ಅರ್ಧ ಗಂಟೆಯ ಬಿಡುವಿನಲ್ಲಿ ನೂರಾರು ಜನ ಬೀದಿಗೆ ಬೀಳುತ್ತಿದ್ದರು. ನಮ್ಮಲ್ಲಿದ್ದದ್ದು ಹದಿನಾಲ್ಕು ಮೇಜು. ಒಬ್ಬ ಉಣ್ಣುತ್ತಿದ್ದರೆ ಇನ್ನೊಬ್ಬ ಅವನ ಬೆನ್ನಿಗೆ ಅಂಟಿಕೊಂಡಂತೆ ನಿಂತು, ಅವನು ಸಾರಿನಲ್ಲಿದ್ದಾನೋ ಮಜ್ಜಿಗೆಗೆ ಬಂದನೋ ಎಂದು ಇಣುಕುತ್ತಿದ್ದ. ಬೇಗ ಏಳಿ ಎಂದು ಗಿರಾಕಿಗೆ ಹೇಳುವಂತಿಲ್ಲ, ಅದು ಮರ್ಯಾದೆಯಲ್ಲ. ಅಪ್ಪಯ್ಯ ಹೇಳುತ್ತಿದ್ದರು: "ಅದನ್ನು ಬೆಂಚು ಹೇಳ್ಬೇಕು, ನಾವು ಹೇಳ್ಬಾರ್ದು."

ಬೆಂಚು ಹೇಳುವಂತೆ ಮಾಡುವುದು ಸುಲಭವಲ್ಲ. ಕೂರುವ ಹಲಗೆ ಒಂದು ಗೇಣಿಗಿಂತ ಎರಡು ಬೆರಳು ಹೆಚ್ಚು, ಅಷ್ಟೇ. ಒರಗಲು ಏನೂ ಇರಕೂಡದು. ಎತ್ತರ ಮಾತ್ರ ತುಸು ಜಾಸ್ತಿ, ಕಾಲು ಚಾಚಿ ಆರಾಮ ಮಾಡಲು ಬಾರದಂತೆ. ಹಲಗೆಯ ಅಂಚನ್ನು ಉರುಟು ಮಾಡಿಸಬಾರದು. ಹಾಗೆಂದು ಚೂಪಾಗಿಯೂ ಇರಬಾರದು, ಪಂಚೆ ಹರಿದರೆ ಜಗಳ. ಹೊಸ ಬೆಂಚು ಬಂದರೆ ಅಪ್ಪಯ್ಯ ಅದರ ಮೇಲೆ ನನ್ನ ಚಿಕ್ಕಪ್ಪನನ್ನು ಕೂರಿಸಿ ಊಟ ಹಾಕಿಸುತ್ತಿದ್ದರು. ಚಿಕ್ಕಪ್ಪ ನಿಧಾನಕ್ಕೆ ಹೆಸರುವಾಸಿ. ಅವರು ಎಲೆ ಮಡಚಿದ ಮೇಲೂ ಕೂತೇ ಇದ್ದರೆ, ಬೆಂಚು ಆಚಾರಿಯ ಹತ್ತಿರ ವಾಪಸು ಹೋಗುತ್ತಿತ್ತು.

ಅಪ್ಪಯ್ಯನಿಗೆ ಇನ್ನೊಂದು ನೇಮ ಇತ್ತು. ನಮ್ಮ ಮನೆಯವರು ಯಾರೂ ಗಿರಾಕಿಗಳ ಬೆಂಚಿನಲ್ಲಿ ಕೂತು ತಿನ್ನುವಂತಿಲ್ಲ. "ಬೆಂಚು ಅವರದ್ದು, ನೆಲ ನಮ್ಮದು" ಎನ್ನುವರು. ಕಡೆಯ ಗಿರಾಕಿ ಹೋದ ಮೇಲೆ ಅಡುಗೆಮನೆಯ ನೆಲದಲ್ಲಿ ಮಣೆ ಹಾಕಿ ಅವರು ಉಣ್ಣುತ್ತಿದ್ದರು. ನನ್ನ ಕಾಲಕ್ಕೆ ಮಣೆಯೂ ಹೋಗಿ, ಗ್ರೈಂಡರಿನ ಪಕ್ಕ ನಿಂತೇ ತಿನ್ನುವುದು ರೂಢಿಯಾಯಿತು. ಕೈಯಲ್ಲಿ ತಟ್ಟೆ, ಕಣ್ಣು ಹೊರಗೆ ಗಲ್ಲಾದ ಕಡೆ. ಏನು ತಿಂದೆನೆಂದು ಕೇಳಿದರೆ ಎಷ್ಟೋ ದಿನ ಹೇಳಲು ಬರುತ್ತಿರಲಿಲ್ಲ.

ಕೂತು ತಿನ್ನುವುದಕ್ಕೆ ಅಡ್ಡಿಯಿತ್ತೇ ಹೊರತು ಮಲಗುವುದಕ್ಕೆ ಇರಲಿಲ್ಲ. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಮೂರರಿಂದ ನಾಲ್ಕರವರೆಗೆ ಹೋಟೆಲಿನ ಬಾಗಿಲು ಅರ್ಧ ಎಳೆದಿರುತ್ತಿತ್ತು. ಮೇಜುಗಳನ್ನು ಒರೆಸಿ, ನೆಲ ತೊಳೆದು, ಎಲ್ಲರೂ ಅಲ್ಲಲ್ಲೇ ಉರುಳುವರು. ಶಾಲೆಗೆ ರಜೆ ಇದ್ದಾಗ ನಾನು ಎರಡು ಬೆಂಚು ಜೋಡಿಸಿಕೊಂಡು ಮಲಗುವೆ. ಗೋಡೆಯ ಮೇಲಿನ ಕಿಂಡಿಯಲ್ಲಿ ಹಸಿರು, ಕೆಂಪು ಗಾಜುಗಳಿದ್ದವು. ಬಿಸಿಲು ಇಳಿದಂತೆ ಆ ಬಣ್ಣದ ತುಂಡುಗಳು ಒದ್ದೆ ನೆಲದ ಮೇಲೆ ಮೇಜಿಂದ ಮೇಜಿಗೆ ನಡೆದುಹೋಗುತ್ತಿದ್ದವು. ಒಂದು ಕೈ ಚಾಚಿದರೆ ಮೇಜಿನ ಅಮೃತಶಿಲೆ ತಣ್ಣಗೆ ಸಿಗುತ್ತಿತ್ತು. ದೂರದಲ್ಲಿ ಯಾವುದೋ ಬೋಗಿಯನ್ನು ಇನ್ನಾವುದಕ್ಕೋ ಜೋಡಿಸುವ ಸದ್ದು, ಮೊದಲು ಧಡ್ ಎಂದು ಒಂದು ದೊಡ್ಡದು, ಅದರ ಹಿಂದೆ ಸಣ್ಣ ಸಣ್ಣವು. ಕಣ್ಣು ಮುಚ್ಚಿದರೆ ನಾನು ಮಲಗಿದ ಬೆಂಚೇ ಹಳಿಯ ಮೇಲೆ ಮೆಲ್ಲಗೆ ಹೊರಟಂತೆ ಅನ್ನಿಸುತ್ತಿತ್ತು. ಎಲ್ಲಿಗೆಂದು ಯಾರೂ ಕೇಳುತ್ತಿರಲಿಲ್ಲ.

ಮೇಜುಗಳ ಅಡಿಭಾಗದ ಲೋಕವೂ ನನಗೆ ಚೆನ್ನಾಗಿ ಗೊತ್ತಿತ್ತು. ಮೇಲೆ ಎಲ್ಲ ಬಿಳುಪು, ಕೆಳಗೆ ಕಪ್ಪು ಮರ. ಅಲ್ಲಿ ವೀಳ್ಯ ಹಾಕಿಕೊಂಡವರು ಬೆರಳಿನ ಸುಣ್ಣ ಒರೆಸಿದ ಗುರುತುಗಳು ಸಾಲುಸಾಲಾಗಿದ್ದವು. ಏಳನೆಯ ಮೇಜಿನ ಅಡಿಯಲ್ಲಿ ಯಾರೋ ಉಗುರಿನಿಂದಲೋ ಮೊಳೆಯಿಂದಲೋ ಒಂದು ಪುಟ್ಟ ಹಡಗು ಕೊರೆದಿದ್ದರು. ರೈಲಿನವರ ಹೋಟೆಲಿನಲ್ಲಿ ಹಡಗು ಕೊರೆದವನು ಯಾರು, ಅವನಿಗೆ ಅಷ್ಟು ಹೊತ್ತು ಕೂರಲು ಹೇಗೆ ಸಾಧ್ಯವಾಯಿತು ಎಂದು ಈಗ ಯೋಚಿಸುತ್ತೇನೆ. ನಮ್ಮ ಬೆಂಚನ್ನು ಗೆದ್ದ ಒಬ್ಬನೇ ಮನುಷ್ಯ ಅವನಿರಬೇಕು.

ಇರಲಿ, ತೋಟದ ಬೆಂಚಿಗೆ ಬರೋಣ. ನಾನು ರಾಯಪುರಂಗೆ ಹೋದೆ. ಬಂದರಿನ ಹತ್ತಿರ ಕೆಡವಿದ ಗೋದಾಮುಗಳ ಹಳೆಯ ತೊಲೆ, ಬಾಗಿಲು ಮಾರುವವರಿದ್ದಾರೆ. ಅವರ ನಡುವೆ ಆಂಥೋನಿ ಎಂಬ ಬಡಗಿ. ನಮ್ಮ ಹೋಟೆಲಿನ ಕಡೆಯ ಹತ್ತು ವರ್ಷದ ರಿಪೇರಿಯೆಲ್ಲ ಅವನದೇ. ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು, ಬಾಯಲ್ಲಿ ಮಾತು ಕಮ್ಮಿ. ಉಪ್ಪುಗಾಳಿ ಕುಡಿದು ಕಲ್ಲಾಗಿದ್ದ ಒಂದು ತೇಗದ ತೊಲೆಯನ್ನು ಇಬ್ಬರೂ ಆರಿಸಿದೆವು. ಅದನ್ನು ಕೆತ್ತಿದಲ್ಲಿ ಒಳಗಿನ ಬಣ್ಣ ಜೇನಿನಂತೆ ಹೊರಬಂತು. ಅದರ ವಾಸನೆಗೆ ನನಗೆ ಏನೋ ಸಂತೋಷವಾಯಿತು.

"ಎಷ್ಟು ಹೊತ್ತು ಕೂರ್ತೀರಿ?" ಎಂದು ಆಂಥೋನಿ ತಮಿಳಿನಲ್ಲಿ ಕೇಳಿದ. ಒಳ್ಳೆಯ ಬಡಗಿ ಕೇಳಬೇಕಾದ ಪ್ರಶ್ನೆ.

"ಹತ್ತು ನಿಮಿಷ" ಎಂದಿತು ನನ್ನ ಬಾಯಿ. ಆಮೇಲೆ ಅಳತೆಗಳೂ ಹಾಗೇ ಬಂದವು, ಮಂತ್ರ ಬಂದಂತೆ. ಒಂದು ಗೇಣು, ಎರಡು ಬೆರಳು. ಒರಗು ಬೇಡ. ಎತ್ತರ ಇಷ್ಟು. ಆಂಥೋನಿ ತಲೆಯಾಡಿಸಿ ಬರೆದುಕೊಂಡ. ನಾನು ಏನು ಹೇಳುತ್ತಿದ್ದೇನೆ ಎಂಬುದರ ಮೇಲೆ ನನಗೆ ಒಂದಿಷ್ಟೂ ಅನುಮಾನ ಬರಲಿಲ್ಲ.

ಎರಡು ವಾರದ ಮೇಲೆ ಮೇಜು, ಬೆಂಚು ಬಂದವು. ಇಲ್ಲಿ ಕುಟ್ಟಿಯಾನೆ, ಅಂದರೆ ಮರಿಯಾನೆ, ಎಂದು ಕರೆಯುವ ಪುಟ್ಟ ಸರಕು ಗಾಡಿಯಲ್ಲಿ ಹೇರಿಕೊಂಡು ಆಂಥೋನಿಯೇ ತಂದು ಬಾದಾಮಿ ಮರದ ಕೆಳಗೆ ಇಟ್ಟುಹೋದ. ಎಷ್ಟು ಚಂದ ಇತ್ತೆಂದರೆ ನಾನು ಎರಡು ಸುತ್ತು ಬಂದೆ. ಸಂಜೆಯ ಬೆಳಕು ಎಲೆಗಳ ನಡುವಿಂದ ಮೇಜಿನ ಮೇಲೆ ಬಿದ್ದು ಅತ್ತಿತ್ತ ಸರಿಯುತ್ತಿತ್ತು. ವನಜ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಅದನ್ನು ನಾನು ಗಮನಿಸಿದ್ದು ಆಮೇಲೆ. ಒಳಗಿಂದ ಎರಡು ಲೋಟ ತಂದಿಟ್ಟು ಬೆಂಚಿನಲ್ಲಿ ಕೂತಳು.

"ಕೂತ್ಕೊಳ್ಳಿ" ಎಂದಳು.

ನಾನು ಮೇಜಿಗೆ ಕೈ ಊರಿ ನಿಂತಿದ್ದೆ. ಕೂತೆ. ಹೇಗೆ ಕೂತೆ ಎಂದರೆ, ಬೆಂಚಿನ ತುದಿಯಲ್ಲಿ, ಓರೆಯಾಗಿ, ಒಂದು ಕಾಲು ಹೊರಗಿಟ್ಟುಕೊಂಡು. ಗೇಟಿನ ಸದ್ದಾಯಿತು, ಎದ್ದೆ. ಯಾರೋ ಮೇಲಿನ ಮನೆಯವರು. ಬಂದು ಕೂತೆ. ಎರಡು ಗುಟುಕು ಕುಡಿದೆ. ನೀರಿನ ಮೋಟರು ಆರಿಸಿದ್ದೇನೋ ಇಲ್ಲವೋ ಎನ್ನಿಸಿತು, ಎದ್ದೆ. ಆರಿಸಿಯಾಗಿತ್ತು. ಹಾಗೇ ಮುಂಬಾಗಿಲ ಚಪ್ಪಲಿಗಳನ್ನು ಸರಿಮಾಡಿ, ವಾಪಸು ಬಂದಾಗ ಬೆಂಚು ಖಾಲಿ. ಅವಳ ಲೋಟವೂ ಇರಲಿಲ್ಲ. ನನ್ನ ಲೋಟದಲ್ಲಿ ಒಂದು ಇರುವೆ ಈಜುತ್ತಿತ್ತು.

"ಎಂತಾಯ್ತು?" ಎಂದು ಅಡುಗೆಮನೆಗೆ ಹೋಗಿ ಕೇಳಿದೆ.

"ಎಂತ ಇಲ್ಲ. ಸೊಂಟ ನೋವು ಬಂತು."

ಎರಡು ದಿನ ಆ ಬೆಂಚಿನ ಮಾತೇ ಬರಲಿಲ್ಲ. ಬಾದಾಮಿ ಎಲೆಗಳು ಅದರ ಮೇಲೆ ಬಿದ್ದವು, ವನಜ ಅವನ್ನು ಗುಡಿಸಿ ಹಾಕಿದಳು, ಕೂರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಅವಳು ಹರಿವೆ ಸೊಪ್ಪು ಬಿಡಿಸುತ್ತಿದ್ದಾಗ ನಾನೇ ಕೆದಕಿದೆ. ಅಷ್ಟು ಒಳ್ಳೆಯ ಮರ, ಅಷ್ಟು ಒಳ್ಳೆಯ ಕೆಲಸ, ಯಾಕೆ ಹಿಡಿಸಲಿಲ್ಲ ಎಂದೆ. ಅವಳು ಸೊಪ್ಪಿನಿಂದ ಕಣ್ಣೆತ್ತದೆ ಹೇಳಿದಳು.

"ಮದುವೆಯಾಗಿ ಬಂದ ವಾರ ನೀವು ನನ್ನನ್ನು ಹೋಟೆಲಿಗೆ ಕರ್ಕೊಂಡು ಹೋದ್ರಿ. ನೆನಪುಂಟಾ? ಫ್ಯಾಮಿಲಿ ರೂಮಿನಲ್ಲಿ ಕೂರಿಸಿದ್ರಿ. ಎದುರಿಗೆ ಬೆಂಚು ಖಾಲಿ ಇತ್ತು. ನೀವು ಅಲ್ಲಿ ಕೂರ್ತೀರಿ ಅಂತ ನಾನು ಚೀಲ ತೆಗೆದು ಜಾಗ ಮಾಡಿದೆ. ನೀವು ಮಸಾಲೆದೋಸೆ ತಂದಿಟ್ರಿ, ಪಕ್ಕದಲ್ಲಿ ನಿಂತ್ರಿ, ಚಟ್ನಿ ಬೇಕಾ ಕೇಳಿದ್ರಿ. ಗಲ್ಲಾದಿಂದ ಯಾರೋ ಕರೆದ್ರು, ಹೋದ್ರಿ. ನಾನು ಒಬ್ಳೇ ತಿಂದು ಮೇಲೆ ಬಂದೆ."

ನಾನು ಒಂದು ದಂಟು ಎತ್ತಿಕೊಂಡು ಎಲೆ ಬಿಡಿಸತೊಡಗಿದೆ.

"ಮದುವೆ ದಿನ ಭಟ್ಟರು ಪಕ್ಕದಲ್ಲಿ ಕೂರಿಸಿದ್ರು. ಎದುರಲ್ಲಿ ಯಾರೂ ಕೂರಿಸ್ಲಿಲ್ಲ. ನಾನೆಂತ ಸಿಟ್ಟಲ್ಲಿ ಹೇಳ್ತಾ ಇಲ್ಲ. ಹೋಟೆಲು ಇತ್ತು, ಕೆಲಸ ಇತ್ತು, ಸರಿ. ಈಗ ಹೋಟೆಲಿಲ್ಲ ಅಲ್ವಾ. ಒಂದ್ಸಲ ಎದುರಲ್ಲಿ ಕೂತು ಮಾತಾಡ್ಬಹುದು ಅಂತ ಬೆಂಚು ಕೇಳಿದ್ರೆ, ನೀವು ಹೋಟೆಲಿನದ್ದೇ ಮಾಡಿಸಿ ತಂದ್ರಿ."

ಸೊಪ್ಪಿನ ದಂಟುಗಳನ್ನು ಒಟ್ಟುಮಾಡಿ ಅವಳು ಎದ್ದುಹೋದಳು. ನನಗೆ ಬಹಳ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ಇಷ್ಟು ವರ್ಷ ಅವಳು ಒಂದು ಖಾಲಿ ಬೆಂಚಿನ ಎದುರು ಕೂತಿದ್ದಾಳೆ, ಅದು ನನಗೆ ಗೊತ್ತೇ ಇಲ್ಲವಲ್ಲ ಎಂದು.

ಅವಳು ಪೇಟೆಗೆ ಹೋದಾಗ ನಾನು ಒಬ್ಬನೇ ಹಿತ್ತಿಲಿಗೆ ಹೋಗಿ ಬೆಂಚಿನಲ್ಲಿ ನೇರವಾಗಿ, ಎರಡೂ ಕಾಲು ಒಳಗಿಟ್ಟು ಕೂತೆ. ಫೋನಿನಲ್ಲಿ ಸಮಯ ನೋಡಿಕೊಂಡೆ. ಏಳನೆಯ ನಿಮಿಷಕ್ಕೆ ತೊಡೆ ಜೋಮು ಹಿಡಿಯಿತು. ಎಂಟಕ್ಕೆ ಬೆನ್ನಿನ ನಡುವೆ ಒಂದು ಸಣ್ಣ ಉರಿ ಹುಟ್ಟಿತು. ಒಂಬತ್ತು ದಾಟುವಷ್ಟರಲ್ಲಿ ಎದ್ದೇಬಿಟ್ಟೆ. ಅಪ್ಪಯ್ಯ ಇದ್ದಿದ್ದರೆ ಆಂಥೋನಿಯನ್ನು ಅಪ್ಪಿಕೊಳ್ಳುತ್ತಿದ್ದರು. ಇಡೀ ಬದುಕಿನಲ್ಲಿ ಸಾವಿರಾರು ಜನರನ್ನು ಇಂಥ ಬೆಂಚಿನಲ್ಲಿ ಕೂರಿಸಿದವನು, ಅದರಲ್ಲಿ ಪೂರಾ ಕೂತದ್ದು ಅದೇ ಮೊದಲು. ಆ ವರ್ಕ್‌ಶಾಪಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಕ್ಷಮಿಸಿ.

ಮರುದಿನ ಮೇಜು, ಬೆಂಚುಗಳನ್ನು ಅದೇ ಮರಿಯಾನೆಯಲ್ಲಿ ಹೇರಿಕೊಂಡು ರಾಯಪುರಂಗೆ ಹೋದೆ. ಆಂಥೋನಿ ಕೋಪ ಮಾಡಿಕೊಳ್ಳಲಿಲ್ಲ. "ನೀವು ಹೇಳಿದ್ದನ್ನೇ ಮಾಡಿದ್ದೇನೆ ಸಾರ್. ಸರಿ, ಈಗ ಹೇಳಿ, ಎಷ್ಟು ಹೊತ್ತು ಕೂರ್ತೀರಿ?"

"ಗೊತ್ತಿಲ್ಲ" ಎಂದೆ.

"ಹಾಗಾದ್ರೆ ಕೂರುವವರನ್ನು ಕರ್ಕೊಂಡು ಬನ್ನಿ."

ವನಜಳನ್ನು ಒಪ್ಪಿಸುವುದಕ್ಕೆ ನಾಲ್ಕು ದಿನ ಹಿಡಿಯಿತು. ಬಂದಳು. ಆಂಥೋನಿಯ ಕೊಟ್ಟಿಗೆಯಲ್ಲಿ ಮರದ ಹೊಟ್ಟಿನ ನಡುವೆ ಅವಳನ್ನು ಆ ಬೆಂಚಿನಲ್ಲೇ ಕೂರಿಸಿ ಅವನು ಅಡಿಯಿಂದ ನೋಡಿದ. ಆಗ ನಾನೂ ನೋಡಿದೆ. ಅವಳ ಪಾದಗಳು ನೆಲ ಮುಟ್ಟುತ್ತಿರಲಿಲ್ಲ. ಮೂರು ಬೆರಳಿನಷ್ಟು ಮೇಲೆ, ಚಪ್ಪಲಿಯೊಂದಿಗೆ ತೂಗುತ್ತಿದ್ದವು. ಆಂಥೋನಿ ಒಂದು ದಾರ ಹಿಡಿದು ಅವಳ ಮೊಣಕಾಲಿನಿಂದ ನೆಲಕ್ಕೆ ಅಳೆದ, ದಾರಕ್ಕೆ ಗಂಟು ಹಾಕಿದ. ಬೆನ್ನಿನ ಎತ್ತರವನ್ನು ಅವನ ಹೆಂಡತಿ ಬಂದು ಅಳೆದಳು, ಇನ್ನೊಂದು ಗಂಟು. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಕೂತ್ಕೊಳ್ಳಿ" ಎಂದ. ನನ್ನದೂ ಅಳತೆಯಾಯಿತು. ಎದುರುಬದುರು ಕೂತರೆ ಕಾಲಿಗೆ ಕಾಲು ತಾಗಬಾರದು, ಆದರೆ ಮೆಲ್ಲಗೆ ಮಾತಾಡಿದರೂ ಕೇಳಬೇಕು ಎಂದು ಹೇಳಿ, ಮೇಜಿನ ಅಗಲದಲ್ಲಿ ಒಂದು ಗೇಣು ಕಮ್ಮಿ ಮಾಡುವುದೆಂದು ಅವನೇ ತೀರ್ಮಾನಿಸಿದ.

ಬರುವಾಗ ವನಜ ಆಟೋದಲ್ಲಿ ಕಡಲ ಕಡೆ ನೋಡುತ್ತ ಕೂತಿದ್ದಳು. "ಪರವಾಯಿಲ್ಲ ಆ ಆಂಥೋನಿ" ಎಂದಳು. ಅಷ್ಟೇ.

ಮೊನ್ನೆ ಶುಕ್ರವಾರ ಎಲ್ಲ ವಾಪಸು ಬಂತು. ಹಲಗೆ ಅಗಲವಾಗಿತ್ತು, ಬೆನ್ನಿಗೆ ಸ್ವಲ್ಪ ಹಿಂದಕ್ಕೆ ವಾಲಿದ ಒರಗು, ಅವಳ ಬೆಂಚಿನ ಕಾಲುಗಳು ನನ್ನದಕ್ಕಿಂತ ಗಿಡ್ಡ. ಪಕ್ಕಪಕ್ಕ ಇಟ್ಟರೆ ಜೋಡಿ ಅಲ್ಲ ಎಂದು ಯಾರು ಬೇಕಾದರೂ ಹೇಳುವಂತಿತ್ತು. ಗಾಳಿ ತಿರುಗಿದ ಮೇಲೆ ವನಜ ಎರಡು ಲೋಟ ತಂದಳು. ಈ ಸಲ ಮನೆಯಲ್ಲಿ ಉಡುವ ನೂಲಿನ ಸೀರೆಯೇ. ನನ್ನ ಮುಂದೆ ಒಂದು ಇಟ್ಟು, ತಾನೊಂದು ಹಿಡಿದು ಎದುರಿಗೆ ಕೂತಳು. ಪಾದಗಳನ್ನು ಮಣ್ಣಿನ ಮೇಲೆ ಚಾಚಿ ಊರಿದಳು.

ನಾನು ಬೆಂಚಿನ ನಡುವಿಗೆ ಬಂದು ಕೂತು, ಒರಗಿದೆ. ಗೇಟು ಒಮ್ಮೆ ಕಿರುಗುಟ್ಟಿತು. ನಾನು ಮೇಜಿನ ಅಂಚು ಹಿಡಿದುಕೊಂಡೆ. ಮೇಲೆಲ್ಲೋ ನೀರಿನ ಟ್ಯಾಂಕು ತುಂಬಿ ಸುರಿಯತೊಡಗಿತು. ಅದು ನಮ್ಮದೇ ಎಂದು ನನಗೆ ಗೊತ್ತಿತ್ತು, ವನಜಳಿಗೂ ಗೊತ್ತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಏಳಲಿಲ್ಲ. ಕೊನೆಗೆ ಮೇಲಿನ ಮನೆಯವರೇ ಇಳಿದುಬಂದು ಮೋಟರು ಆರಿಸಿರಬೇಕು, ಸದ್ದು ನಿಂತಿತು.

ಆಮೇಲೆ ಬಹಳ ಹೊತ್ತು ಏನೂ ಆಗಲಿಲ್ಲ. ಎಲೆಗಳು ಬೀಳುತ್ತಿದ್ದವು. ಆಚೆ ಬೀದಿಯಲ್ಲಿ ಸುಂಡಲ್, ಅಂದರೆ ಕಡಲೆ ಉಸಲಿ, ಮಾರುವವನ ಗಂಟೆ ಕಡಲ ಕಡೆಗೆ ಹೋಯಿತು. ಎದುರಿಗೆ ಕೂತವರ ಹತ್ತಿರ ಏನು ಮಾತಾಡಬೇಕೆಂದು ನನಗೆ ತೋಚಲಿಲ್ಲ. ಗಿರಾಕಿಯಾದರೆ ಕೇಳಲು ನೂರು ಮಾತಿತ್ತು. ಸುಮ್ಮನೆ ಅವಳನ್ನು ನೋಡಿದೆ. ಅವಳ ಎಡಗಣ್ಣಿನ ಕೆಳಗೆ ಒಂದು ಪುಟ್ಟ ಮಚ್ಚೆ ಇತ್ತು. ಅದು ಮೊದಲಿಂದ ಇತ್ತೋ ಈಚೆಗೆ ಬಂದದ್ದೋ ಹೇಳಲಾರೆ. ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. ನನ್ನ ಕಣ್ಣು ಅದರೊಳಗೆ ಬಿತ್ತು. ಕಾಫಿ ಅಲ್ಲ. ತಿಳಿಯಾದ, ನಸುಹಳದಿ ಬಣ್ಣದ ಏನೋ.

"ಇದೆಂತ?" ಎಂದೆ.

"ಜೀರಿಗೆ ನೀರು."

"ಕಾಫಿ ಇವತ್ತು ಬೇಡವಾ?"

ವನಜ ನನ್ನ ಮುಖ ನೋಡಿದಳು. ನಗಲಿಲ್ಲ, ಬೇಸರಪಡಲೂ ಇಲ್ಲ. "ನಾನು ಕಾಫಿ ಬಿಟ್ಟು ಹನ್ನೊಂದು ವರ್ಷ ಆಯ್ತು" ಎಂದಳು. "ಹೊಟ್ಟೆಯುರಿ ಅಂತ ಡಾಕ್ಟ್ರು ಬೇಡ ಅಂದ್ರು."

ಹನ್ನೊಂದು ವರ್ಷ. ಹೋಟೆಲು ಮುಚ್ಚುವವರೆಗೂ ದಿನಾ ಬೆಳಗ್ಗೆ ಮೂರೂವರೆಗೆ ಎದ್ದು ನಾನು ಕೆಳಗೆ ಇಳಿದು ಡಿಕಾಕ್ಷನ್ ಇಳಿಸಿದ್ದೇನೆ. ಯಾವ ಫೋರ್‌ಮನ್ನಿಗೆ ಅರ್ಧ ಚಮಚ ಸಕ್ಕರೆ, ಯಾವ ಗುಮಾಸ್ತನಿಗೆ ಹಾಲು ಹೆಚ್ಚು, ಯಾರಿಗೆ ಹೃದಯದ ಆಪರೇಷನ್ ಆಗಿ ಕಾಫಿ ನಿಂತಿತು, ಎಲ್ಲ ಬಾಯಿಪಾಠ. ಮೇಲಿನ ಮಹಡಿಯಲ್ಲಿ ಒಬ್ಬಳು ಕಾಫಿ ಬಿಟ್ಟಿದ್ದಳು. ಎದ್ದು ಒಳಗೆ ಹೋಗಿ ಮುಖ ತೊಳೆದು ಬರೋಣ ಎಂದು ಎಷ್ಟು ಅನ್ನಿಸಿತೆಂದರೆ ಕಾಲು ಆಗಲೇ ಬೆಂಚಿನಿಂದ ಹೊರಗೆ ಬಂದಿತ್ತು. ಅದನ್ನು ಒಳಗೆ ಎಳೆದುಕೊಂಡೆ.

"ಇನ್ನೆಂತೆಂತ ಬಿಟ್ಟಿದ್ದೀ, ಹೇಳು" ಎಂದೆ.

ಅವಳು ಮೇಜಿನ ಮೇಲೆ ಬಿದ್ದಿದ್ದ ಬಾದಾಮಿ ಎಲೆಯೊಂದನ್ನು ಪಕ್ಕಕ್ಕೆ ಸರಿಸಿ, ಹೇಳತೊಡಗಿದಳು.